ಮಂಗಳೂರು ಪಾಲಿಕೆಯ ಆರೋಗ್ಯಾಧಿಕಾರಿ ಎಂತ ಮಾಡ್ತಾರೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮೆಡಿಕಲ್ ಕಾಲೇಜಿನಲ್ಲಿ ಕಮ್ಯುನಿಟಿ ಮೆಡಿಸಿನ್ ಪಾಠ ಮಾಡುತ್ತೇನೆ. ಜೂನ್ ಬಂತೆಂದರೆ ನೆರೆಹೊರೆಯವರು, ವಿದ್ಯಾರ್ಥಿಗಳು, ಅವರ ಅಪ್ಪ ಅಮ್ಮಂದಿರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಬಗೆಯವು. ಅವಕ್ಕೆಲ್ಲ ಒಂದೇ ಕಡೆ ಉತ್ತರ ಬರೆದಿಟ್ಟರೆ ಒಳ್ಳೆಯದು ಅನ್ನಿಸಿತು.

ಆರೋಗ್ಯಾಧಿಕಾರಿ ಅಂದ್ರೆ ಪಾಲಿಕೆಯ ಡಾಕ್ಟ್ರಾ?

ಓದಿದ್ದು ಡಾಕ್ಟರಿಕೆಯೇ. ಆದರೆ ಲಾಲ್‌ಬಾಗಿನ ಪಾಲಿಕೆ ಕಚೇರಿಯಲ್ಲಿ ಅವರ ಕೋಣೆಗೆ ಹೋಗಿ ಕೆಮ್ಮಿಗೆ ಮದ್ದು ಕೇಳಿದರೆ ಸಿಗುವುದಿಲ್ಲ. ಜ್ವರ ಬಂದವರನ್ನು ನೋಡುವುದು ಅವರ ಕೆಲಸವಲ್ಲ, ಆ ಜ್ವರ ಯಾವ ಬೀದಿಯಿಂದ, ಯಾವ ಟ್ಯಾಂಕಿಯಿಂದ, ಯಾವ ಹೋಟೆಲಿನ ನೀರಿನಿಂದ ಬಂತು ಅಂತ ಹುಡುಕಿ ಅದನ್ನು ಅಲ್ಲೇ ನಿಲ್ಲಿಸುವುದು ಅವರ ಕೆಲಸ. 60 ವಾರ್ಡುಗಳ ಕಸ, ಸೊಳ್ಳೆ, ಉದ್ದಿಮೆ ಪರವಾನಗಿ, ಜನನ ಮರಣ ನೋಂದಣಿ, ಬೀದಿ ನಾಯಿ ಎಲ್ಲವೂ ಒಂದಲ್ಲ ಒಂದು ರೀತಿಯಲ್ಲಿ ಆ ವಿಭಾಗಕ್ಕೇ ಬರುತ್ತವೆ. ಇದಕ್ಕೆ ಆಧಾರ ಕರ್ನಾಟಕ ಪೌರ ನಿಗಮಗಳ ಕಾಯ್ದೆ, 1976. ಊರಿನ ನೈರ್ಮಲ್ಯ ಮತ್ತು ಆರೋಗ್ಯ ನೋಡಿಕೊಳ್ಳುವುದು ಪಾಲಿಕೆ ಮಾಡಲೇಬೇಕಾದ ಕೆಲಸ ಅಂತ ಆ ಕಾಯ್ದೆಯೇ ಹೇಳುತ್ತದೆ. ಇಷ್ಟವಿದ್ದರೆ ಮಾಡಬಹುದು ಅನ್ನುವ ಪಟ್ಟಿಯಲ್ಲಿ ಅದಿಲ್ಲ.

ಹಾಗಾದ್ರೆ ವೆನ್ಲಾಕ್ ಆಸ್ಪತ್ರೆ ಇವರ ಕೈಕೆಳಗೆ ಬರ್ತದಾ?

ಇಲ್ಲ. ಇದು ತುಂಬಾ ಜನಕ್ಕೆ ಗೊಂದಲ. 1848ರಲ್ಲಿ ಶುರುವಾದ ವೆನ್ಲಾಕ್ ಜಿಲ್ಲಾ ಆಸ್ಪತ್ರೆ ರಾಜ್ಯ ಸರ್ಕಾರದ ಆರೋಗ್ಯ ಇಲಾಖೆಯದ್ದು. ನಗರದ ಪ್ರಾಥಮಿಕ ಆರೋಗ್ಯ ಕೇಂದ್ರಗಳು, ಆಶಾ ಕಾರ್ಯಕರ್ತೆಯರು, ಲಸಿಕೆ, ಕ್ಷಯ, ಮಲೇರಿಯಾ ಕಾರ್ಯಕ್ರಮಗಳು ಇವೆಲ್ಲ ಜಿಲ್ಲಾ ಆರೋಗ್ಯಾಧಿಕಾರಿಗಳ ಸಾಲಿನಲ್ಲಿ ಬರುತ್ತವೆ. ಪಾಲಿಕೆಯ ಆರೋಗ್ಯಾಧಿಕಾರಿ ಬೇರೆ, ಜಿಲ್ಲಾ ಆರೋಗ್ಯಾಧಿಕಾರಿ ಬೇರೆ. ಒಬ್ಬರು ಪಾಲಿಕೆ ಆಯುಕ್ತರಿಗೆ ಉತ್ತರ ಕೊಡಬೇಕು, ಇನ್ನೊಬ್ಬರು ಇಲಾಖೆಗೆ.

ಸೊಳ್ಳೆಗೆ ಈ ಗಡಿ ಗೊತ್ತಿಲ್ಲ, ಅಲ್ವಾ. ಜ್ವರದ ಲೆಕ್ಕ ಜಿಲ್ಲೆಯವರ ಹತ್ತಿರ, ಚರಂಡಿ ಮತ್ತು ಕಸದ ಲಾರಿ ಪಾಲಿಕೆಯವರ ಹತ್ತಿರ. ಇಬ್ಬರೂ ದಿನಾ ಬೆಳಿಗ್ಗೆ ಫೋನಿನಲ್ಲಿ ಮಾತಾಡುವಷ್ಟು ಹೊಂದಾಣಿಕೆ ಇದ್ದರೆ ಒಂದು ಬೀದಿಯ ಡೆಂಗಿ ಆ ಬೀದಿಯಲ್ಲೇ ಮುಗಿಯುತ್ತದೆ. ಹೊಂದಾಣಿಕೆ ಇಲ್ಲದಿದ್ದರೆ ಪಟ್ಟಿ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುವಷ್ಟರಲ್ಲಿ ಪಕ್ಕದ ಬೀದಿಯಲ್ಲೂ ಜ್ವರ ಶುರುವಾಗಿರುತ್ತದೆ.

ದಿನಾ ಎಂತ ಕೆಲಸ ಇರ್ತದೆ ಅವರಿಗೆ?

ಬೆಳಿಗ್ಗೆ ಬೇಗ ಶುರು. ಪೌರಕಾರ್ಮಿಕರ ಹಾಜರಿ, ಎಷ್ಟು ವಾಹನ ಹೊರಟಿತು, ಯಾವ ವಾರ್ಡಿನಿಂದ ಕಸ ಎತ್ತಿಲ್ಲ ಅನ್ನುವ ದೂರು, ಇವೆಲ್ಲ ಆರೋಗ್ಯ ನಿರೀಕ್ಷಕರಿಂದ ಬರುತ್ತವೆ. ಆಮೇಲೆ ಕಡತ, ಸಭೆ, ಪರವಾನಗಿ, ನೋಟಿಸ್, ಕೌನ್ಸಿಲರುಗಳ ಫೋನು. ಪಾಲಿಕೆಯಲ್ಲಿ ಸಾರ್ವಜನಿಕ ಆರೋಗ್ಯ, ಶಿಕ್ಷಣ ಮತ್ತು ಸಾಮಾಜಿಕ ನ್ಯಾಯ ಸ್ಥಾಯಿ ಸಮಿತಿ ಅಂತ ಇದೆ, ಅದಕ್ಕೂ ಉತ್ತರ ಕೊಡಬೇಕು. ಚುನಾಯಿತ ಕೌನ್ಸಿಲ್ ಇಲ್ಲದ ಸಮಯದಲ್ಲಿ ಆಡಳಿತಾಧಿಕಾರಿಗೆ.

ಆದರೆ ನನ್ನ ಲೆಕ್ಕದಲ್ಲಿ ನಿಜವಾದ ಕೆಲಸ ಹೊರಗೆ, ಕಾಲ್ನಡಿಗೆಯಲ್ಲಿ. ವಿದ್ಯಾರ್ಥಿಗಳನ್ನು ಕರೆದುಕೊಂಡು ಪಾಲಿಕೆ ತಂಡದ ಜೊತೆ ಕಟ್ಟಡದ ಸೈಟಿಗೆ ಹೋದಾಗ ಅವರಿಗೆ ಮೊದಲು ತೋರಿಸುವುದು ಲಿಫ್ಟಿಗೆಂದು ತೋಡಿದ ಗುಂಡಿ. ಲಿಫ್ಟ್ ಇನ್ನೂ ಕೂರಿಸಿರುವುದಿಲ್ಲ, ಮಳೆ ನೀರು ಮೊಣಕಾಲಿನವರೆಗೆ ನಿಂತಿರುತ್ತದೆ, ಮೇಲೆ ಸಿಮೆಂಟಿನ ತೆಳು ಪದರ. ಆರೋಗ್ಯ ಕಾರ್ಯಕರ್ತ ಉದ್ದ ಹಿಡಿಯ ಬಿಳಿ ಸೌಟನ್ನು ಓರೆಯಾಗಿ ನೀರಿಗೆ ಇಳಿಸಿ ಮೆಲ್ಲಗೆ ಎತ್ತುತ್ತಾರೆ. ಸೌಟಿನಲ್ಲಿ ಸೊಳ್ಳೆಯ ಮರಿಹುಳ ನೀರಿನ ಮಟ್ಟಕ್ಕೆ ಸಮನಾಗಿ ಅಡ್ಡ ಮಲಗಿದಂತೆ ಕಂಡರೆ ಅದು ಅನಾಫಿಲಿಸ್, ಮಲೇರಿಯಾ ಹರಡುವ ಜಾತಿ. ತಲೆ ಕೆಳಗೆ ಮಾಡಿ ನೇತಾಡಿದರೆ ಈಡಿಸ್ ಅಥವಾ ಕ್ಯುಲೆಕ್ಸ್. ಈಡಿಸ್ ಆದರೆ ಡೆಂಗಿಯ ಭಯ. ಇಷ್ಟು ನೋಡಲು ಮೈಕ್ರೋಸ್ಕೋಪ್ ಬೇಡ, ಬಿಸಿಲಿಗೆ ಹಿಡಿದರೆ ಸಾಕು. ಸ್ಲ್ಯಾಬಿನ ಮೇಲೆ ಕ್ಯೂರಿಂಗಿಗೆ ನಿಲ್ಲಿಸಿದ ನೀರು, ಟಾರ್ಪಾಲಿನ ಮಡಿಕೆ, ಮುಚ್ಚಳವಿಲ್ಲದ ಡ್ರಮ್ಮು, ಅರ್ಧಕ್ಕೆ ನಿಂತ ಕಟ್ಟಡದ ನೆಲಮಾಳಿಗೆ ಎಲ್ಲ ಕಡೆಯೂ ಹೀಗೆಯೇ ನೋಡಬೇಕು.

ಕಚೇರಿಯಲ್ಲಿ ಕೂತು ವರದಿ ಓದುವ ಅಧಿಕಾರಿಗೂ ಸೌಟಿನ ನೀರು ಕಂಡ ಅಧಿಕಾರಿಗೂ ತುಂಬಾ ವ್ಯತ್ಯಾಸ ಇದೆ. ಇದನ್ನು ನಾನು ಖಂಡಿತವಾಗಿ ಹೇಳಬಲ್ಲೆ.

ನಮ್ಮ ಬೀದಿಗೆ ಫಾಗಿಂಗ್ ಮಾಡ್ಸಿ ಅಂದ್ರೆ ಯಾಕೆ ಬೇಗ ಬರುವುದಿಲ್ಲ?

ಫಾಗಿಂಗ್ ಹಾರುವ ಸೊಳ್ಳೆಯನ್ನು ಮಾತ್ರ ಕೊಲ್ಲುತ್ತದೆ, ಅದೂ ಹೊಗೆ ತಾಗಿದರೆ. ನೀರಿನಲ್ಲಿರುವ ಮರಿಗೆ ಏನೂ ಆಗುವುದಿಲ್ಲ. ಮೊಟ್ಟೆಯಿಂದ ಸೊಳ್ಳೆಯಾಗಲು ನಮ್ಮ ಹವೆಯಲ್ಲಿ ಹೆಚ್ಚುಕಮ್ಮಿ ಒಂದು ವಾರ, ಹತ್ತು ದಿನ ಸಾಕು. ಇವತ್ತು ಹೊಗೆ ಹಾಕಿ ಡ್ರಮ್ಮನ್ನು ಹಾಗೇ ಬಿಟ್ಟರೆ ಮುಂದಿನ ವಾರ ಮತ್ತೆ ಅಷ್ಟೇ ಸೊಳ್ಳೆ. ಅದಕ್ಕೇ ಡೆಂಗಿ ಪ್ರಕರಣ ಸಿಕ್ಕಿದ ಮನೆಯ ಸುತ್ತಮುತ್ತ ಫಾಗಿಂಗ್ ಮಾಡುತ್ತಾರೆ, ಉಳಿದ ಕಡೆ ನೀರು ಚೆಲ್ಲಿಸುವುದಕ್ಕೇ ಒತ್ತು. ಹೊಗೆ ಬಂದರೆ ಜನಕ್ಕೆ ಸಮಾಧಾನ, ಕೌನ್ಸಿಲರಿಗೂ ಸಮಾಧಾನ. ಆ ಒತ್ತಡಕ್ಕೆ ಮಣಿಯದೆ "ಮೊದಲು ನಿಮ್ಮ ಟೆರೇಸ್ ತೋರಿಸಿ" ಅನ್ನುವ ಅಧಿಕಾರಿಯ ಮೇಲೆ ದಯವಿಟ್ಟು ಸಿಟ್ಟಾಗಬೇಡಿ.

ವಾರಕ್ಕೊಮ್ಮೆ ನೀವೇ ನೋಡಬೇಕಾದ ಜಾಗಗಳು ನಮ್ಮ ಊರಿಗೇ ವಿಶೇಷ. ಬೊಂಡದ ಚಿಪ್ಪು, ಅಡಿಕೆ ಹಾಳೆ, ಫ್ರಿಜ್ಜಿನ ಹಿಂದಿನ ತಟ್ಟೆ, ಮನಿ ಪ್ಲಾಂಟಿನ ಬಾಟಲಿ. ಈಡಿಸ್ ಮೊಟ್ಟೆ ಒಣಗಿದ ಪಾತ್ರೆಯ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಬದುಕುತ್ತದೆ, ಹಾಗಾಗಿ ನೀರು ಚೆಲ್ಲಿದರೆ ಸಾಲದು, ಉಜ್ಜಿ ತೊಳೆಯಬೇಕು. ದಕ್ಕೆಯ ಕಡೆ ಇನ್ನೊಂದು ಸಮಸ್ಯೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳೆಲ್ಲ ದಡದಲ್ಲಿ ನಿಲ್ಲುವುದು ಸರಿಯಾಗಿ ಮಳೆಗಾಲದಲ್ಲೇ. ಬದಿಗೆ ಕಟ್ಟಿದ ಟಯರುಗಳಲ್ಲಿ, ಮೀನಿನ ಕ್ರೇಟುಗಳಲ್ಲಿ ನೀರು ನಿಲ್ಲುತ್ತದೆ. ಬಂದರಿನಲ್ಲಾಗಲಿ ಮಲ್ಪೆಯಲ್ಲಾಗಲಿ ಬೋಟು ಹತ್ತಿ ನೋಡದೆ ಡೆಂಗಿ ತಡೆಯುತ್ತೇನೆ ಅಂದರೆ ಆಗುವ ಮಾತಲ್ಲ.

ಮಂಗಳೂರಿಗೇ ಯಾಕೆ ಇಷ್ಟು ಮಲೇರಿಯಾ ಹೆಸರು?

ಒಂದು ಕಾಲದಲ್ಲಿ ಇಡೀ ರಾಜ್ಯದ ಮಲೇರಿಯಾ ಪ್ರಕರಣಗಳಲ್ಲಿ ದೊಡ್ಡ ಪಾಲು ನಮ್ಮದೇ ಆಗಿತ್ತು. 1990ರ ದಶಕದಿಂದ ಇಲ್ಲಿ ಕಟ್ಟಡ ಕೆಲಸ ಜೋರಾಯಿತು, ಮಳೆ ಹೇಗೂ ಧಾರಾಳ, ಸೆಕೆ ತೇವ ವರ್ಷವಿಡೀ. ನಗರದ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೆಫೆನ್ಸಿ ಸೊಳ್ಳೆಗೆ ಬೇಕಾದದ್ದು ಕೊಳಚೆ ಅಲ್ಲ, ಶುದ್ಧ ನೀರು. ಓವರ್‌ಹೆಡ್ ಟ್ಯಾಂಕ್, ಬಾವಿ, ಸೈಟಿನ ತೊಟ್ಟಿ. ನಮ್ಮಲ್ಲಿ ಪ್ರತಿ ಹಿತ್ತಿಲಲ್ಲೂ ಬಾವಿ. ಬಾವಿಗೆ ಗಪ್ಪಿ ಮೀನು ಬಿಟ್ಟರೆ ಅವು ಮರಿಗಳನ್ನು ತಿನ್ನುತ್ತವೆ, ಟ್ಯಾಂಕಿಗೆ ಗಟ್ಟಿ ಮುಚ್ಚಳ ಬೇಕು.

ಇಲ್ಲಿ ಹೆಚ್ಚಾಗಿ ಇರುವುದು ವೈವ್ಯಾಕ್ಸ್ ಅನ್ನುವ ಬಗೆಯ ಮಲೇರಿಯಾ. ಅದು ಲಿವರಿನಲ್ಲಿ ಅಡಗಿ ಕೂತು ತಿಂಗಳುಗಳ ನಂತರ ಮತ್ತೆ ಜ್ವರ ಬರಿಸುತ್ತದೆ. ಜ್ವರ ಮೂರು ದಿನಕ್ಕೇ ಇಳಿದರೂ ಪ್ರಿಮಾಕ್ವಿನ್ ಮಾತ್ರೆಯನ್ನು 14 ದಿನ ಪೂರ್ತಿ ತೆಗೆದುಕೊಳ್ಳಬೇಕು ಅನ್ನುವುದು ಇದಕ್ಕೇ. ಗರ್ಭಿಣಿಯರಿಗೆ ಅದನ್ನು ಕೊಡುವುದಿಲ್ಲ, ಡಾಕ್ಟರು ಹೇಳದೆ ಯಾರೂ ನುಂಗಬಾರದು. ಸೈಟಿನ ಕಾರ್ಮಿಕ ಐದನೇ ದಿನ ಬೇರೆ ಊರಿನ ಕೆಲಸಕ್ಕೆ ಹೊರಟು ಹೋದರೆ ಮಾತ್ರೆ ಅಲ್ಲಿಗೇ ನಿಂತಿತು. ಅವನನ್ನು ಬೈದು ಪ್ರಯೋಜನ ಇಲ್ಲ. ಹೊರಗಿನವರು ರೋಗ ತಂದರು ಅನ್ನುವ ಮಾತು ಇಲ್ಲಿ ಕೇಳಿ ಕೇಳಿ ಬೇಸರ ಬಂದಿದೆ. ಸೊಳ್ಳೆಪರದೆ ಇಲ್ಲದ ಶೆಡ್ಡಿನಲ್ಲಿ ಅವರನ್ನು ಮಲಗಿಸಿದ್ದು ನಾವು.

2015ರಲ್ಲಿ ಪಾಲಿಕೆ ಮಲೇರಿಯಾ ನಿಯಂತ್ರಣಕ್ಕೆ ಟ್ಯಾಬ್ ಮತ್ತು ಸಾಫ್ಟ್‌ವೇರ್ ತಂದಿತು. ಒಂದು ಪಾಸಿಟಿವ್ ಬಂದ ಕೂಡಲೇ ರೋಗಿಯ ವಿಳಾಸ ಕಾರ್ಯಕರ್ತರ ಕೈಗೆ ಹೋಗುತ್ತದೆ, ಅವರು ಮನೆಗೆ ಹೋಗಿ ಸುತ್ತಲಿನವರ ರಕ್ತ ಪರೀಕ್ಷೆ ಮಾಡುತ್ತಾರೆ, ಸೊಳ್ಳೆ ಹುಟ್ಟುವ ಜಾಗ ಹುಡುಕುತ್ತಾರೆ, ಮಾಡಿದ್ದನ್ನೆಲ್ಲ ಅಲ್ಲೇ ದಾಖಲಿಸುತ್ತಾರೆ. ಆಮೇಲಿನ ವರ್ಷಗಳಲ್ಲಿ ಪ್ರಕರಣಗಳು ಚೆನ್ನಾಗಿ ಇಳಿದವು. ಯಂತ್ರಕ್ಕಿಂತ ಹೆಚ್ಚಿನ ಶ್ರೇಯ ಬಿಸಿಲಲ್ಲಿ ಮನೆ ಮನೆ ಹತ್ತಿ ಇಳಿದ ಕಾರ್ಯಕರ್ತರಿಗೆ ಸಲ್ಲಬೇಕು.

ದಂಡ ಹಾಕುವ ಅಧಿಕಾರ ನಿಜಕ್ಕೂ ಇದೆಯಾ?

ಇದೆ. 2019ರಲ್ಲಿ ಮಂಗಳೂರಿನಲ್ಲಿ ಡೆಂಗಿ ಜೋರಾಗಿ ಬಂದದ್ದು ಇಲ್ಲಿಯವರಿಗೆ ನೆನಪಿರಬಹುದು. ಆಮೇಲೆ 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ ದಂಡ ನಿಗದಿ ಮಾಡಿತು. ಸೊಳ್ಳೆ ಹುಟ್ಟುವ ಹಾಗೆ ನೀರು ನಿಲ್ಲಿಸಿದರೆ ನಗರದ ಮನೆಗೆ 400 ರೂಪಾಯಿ, ಅಂಗಡಿ ಹೋಟೆಲಿನಂಥ ಜಾಗಕ್ಕೆ 1,000, ಕಟ್ಟಡ ಕಾಮಗಾರಿ ನಡೆಯುವ ಅಥವಾ ಪಾಳು ಬಿದ್ದ ಜಾಗಕ್ಕೆ 2,000. ಹಳ್ಳಿಯಲ್ಲಿ ಇದರ ಅರ್ಧ. ದೊಡ್ಡ ಬಿಲ್ಡರಿಗೆ 2,000 ರೂಪಾಯಿ ಲೆಕ್ಕಕ್ಕೇ ಇಲ್ಲ, ನನಗೂ ಅದು ಕಡಿಮೆ ಅನ್ನಿಸುತ್ತದೆ. ಒಂದು ಸಲ ಬರೆದು ಬಿಡದೆ ಅದೇ ಸೈಟಿಗೆ ಮತ್ತೆ ಮತ್ತೆ ಹೋದರೆ ಮಾತ್ರ ದಾರಿಗೆ ಬರುತ್ತಾರೆ.

ಕಸ ಎತ್ತಿಸಲು ಡಾಕ್ಟರು ಯಾಕೆ ಬೇಕು?

ಒಳ್ಳೆಯ ಪ್ರಶ್ನೆ. ಕಸದ ತಾಂತ್ರಿಕ ಕೆಲಸ ಪರಿಸರ ಎಂಜಿನಿಯರುಗಳದ್ದು. ಆದರೆ ಕಸ ಕೈ ತಪ್ಪಿದರೆ ಅದು ಆರೋಗ್ಯದ ವಿಷಯವೇ ಆಗುತ್ತದೆ. 2019ರ ಆಗಸ್ಟಿನಲ್ಲಿ ಪಚ್ಚನಾಡಿಯ ಡಂಪಿಂಗ್ ಯಾರ್ಡಿನ ಕಸದ ಗುಡ್ಡ ಮಳೆಗೆ ಜರಿದು ಪಕ್ಕದ ಮಂದಾರ ಅನ್ನುವ ಊರಿನ ಮೇಲೆ ಬಂತು. ತೆಂಗು ಅಡಿಕೆ ತೋಟಗಳು ಕಸದಡಿ ಹೋದವು, ಕುಟುಂಬಗಳು ಮನೆ ಬಿಡಬೇಕಾಯಿತು, ಕೊಳೆತ ನೀರು ತೋಡಿಗೆ, ಬಾವಿಗೆ ಇಳಿಯಿತು. ಬಾವಿ ಹಾಳಾದರೆ ನಮ್ಮ ಊರಿನಲ್ಲಿ ಮನೆಯೇ ಹಾಳಾದ ಹಾಗೆ. ಹಸಿ ಕಸ, ಒಣ ಕಸ ಬೇರೆ ಮಾಡಿ ಅಂತ ಆರೋಗ್ಯ ನಿರೀಕ್ಷಕರು ಬೆಳಿಗ್ಗೆ ಗೇಟಿನ ಹತ್ತಿರ ನಿಂತು ಗೋಗರೆಯುವಾಗ ಆ ಮಂದಾರವನ್ನು ನೆನಪಿಸಿಕೊಳ್ಳಿ. ಮನೆಯಲ್ಲಿ ಇನ್ಸುಲಿನ್ ಸೂಜಿ ಬಳಸುವವರು ಅದನ್ನು ಗಟ್ಟಿ ಡಬ್ಬಿಯಲ್ಲಿ ಹಾಕಿ, ಬೇರೆಯಾಗಿಯೇ ಹೇಳಿ ಕೊಡಿ. ಚೀಲದೊಳಗಿನ ಸೂಜಿ ಚುಚ್ಚುವುದು ಪೌರಕಾರ್ಮಿಕರ ಕೈಗೆ.

ಪೌರಕಾರ್ಮಿಕರ ಆರೋಗ್ಯ ಯಾರ ಜವಾಬ್ದಾರಿ?

ಪಾಲಿಕೆಯದ್ದೇ. ಗ್ಲೌಸ್, ಬೂಟು, ರೇನ್‌ಕೋಟು, ತಪಾಸಣೆ ಎಲ್ಲ ಸರಿಯಾಗಿ ಸಿಗುತ್ತಿದೆಯಾ ಅಂತ ನೋಡುವುದು ಆರೋಗ್ಯ ವಿಭಾಗದ ಮೊದಲ ಕೆಲಸ ಆಗಬೇಕು ಅಂತ ನನ್ನ ಅಭಿಪ್ರಾಯ. ಕರಾವಳಿಯಲ್ಲಿ ಮಳೆಗಾಲಕ್ಕೆ ಇಲಿ ಜ್ವರ ಸಾಮಾನ್ಯ. ಇಲಿ ಮೂತ್ರ ಬೆರೆತ ನೀರಿನಲ್ಲಿ ಗಾಯವಾದ ಬರಿಗಾಲು ಇಟ್ಟರೆ ಸಾಕು. ಜ್ವರದ ಜೊತೆ ಮೀನಖಂಡದ ನೋವು, ಕಣ್ಣು ಕೆಂಪು, ಆಮೇಲೆ ಕಾಮಾಲೆ, ಕಿಡ್ನಿಗೆ ಪೆಟ್ಟು. ಬೇಗ ಗುರುತಿಸಿದರೆ ಸಾಮಾನ್ಯ ಆ್ಯಂಟಿಬಯಾಟಿಕ್ಕಿಗೇ ಬಗ್ಗುತ್ತದೆ. ಚರಂಡಿಗೆ ಇಳಿಯುವವರಿಗೆ ಒಂದು ಜೊತೆ ಬೂಟು ಎಷ್ಟು ದೊಡ್ಡ ಮದ್ದು ಅಂತ ಇದರಿಂದ ಗೊತ್ತಾಗುತ್ತದೆ. ಇನ್ನು ಮ್ಯಾನ್‌ಹೋಲ್ ಒಳಗೆ ಮನುಷ್ಯರನ್ನು ಇಳಿಸುವುದನ್ನು ಮಲ ಹೊರುವ ಪದ್ಧತಿ ನಿಷೇಧದ 2013ರ ಕಾಯ್ದೆ ತಡೆಯುತ್ತದೆ. ಹಾಗೆ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಕೊಡಬೇಕು ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಿಮ್ಮ ಅಪಾರ್ಟ್‌ಮೆಂಟಿನ ಪಿಟ್ ಕ್ಲೀನ್ ಮಾಡಿಸುವಾಗಲೂ ಕಾನೂನು ಅದೇ.

ಜನನ ಪ್ರಮಾಣಪತ್ರ ಯಾಕೆ ಆರೋಗ್ಯ ವಿಭಾಗದಲ್ಲಿ?

ಯಾರು ಹುಟ್ಟಿದರು, ಯಾರು ಯಾವ ಕಾರಣಕ್ಕೆ ತೀರಿಕೊಂಡರು ಅನ್ನುವುದೇ ಊರಿನ ಆರೋಗ್ಯದ ಮೂಲ ಲೆಕ್ಕ. ಜನನ ಮರಣ ಎರಡನ್ನೂ 21 ದಿನದೊಳಗೆ ನೋಂದಾಯಿಸಬೇಕು. ತಡವಾದರೆ ಶುಲ್ಕ, ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. 2023ರ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟ್ ಎಲ್ಲಕ್ಕೂ ಇದೇ ದಾಖಲೆ. ಹಾಗಾಗಿ ಮಗುವಿನ ಹೆಸರು ಇಡುವುದು ತಡವಾದರೂ ನೋಂದಣಿ ತಡ ಮಾಡಬೇಡಿ. ಹೆಸರನ್ನು ಆಮೇಲೆ ಸೇರಿಸಬಹುದು.

ನಾಯಿ ಕಚ್ಚಿದರೆ ಪಾಲಿಕೆಗೆ ಹೋಗಬೇಕಾ?

ಮೊದಲು ನಲ್ಲಿಗೆ ಹೋಗಿ. ಸೋಪು ಹಾಕಿ 15 ನಿಮಿಷ ಗಾಯ ತೊಳೆಯಿರಿ, ಆಮೇಲೆ ನೇರ ಆಸ್ಪತ್ರೆಗೆ. ಗಾಯ ಆಳವಾಗಿದ್ದರೆ ಲಸಿಕೆಯ ಜೊತೆ ಇಮ್ಯುನೋಗ್ಲೋಬ್ಯುಲಿನ್ ಕೂಡ ಬೇಕಾಗುತ್ತದೆ. ಲಸಿಕೆಯ ಎಲ್ಲ ಡೋಸ್ ಮುಗಿಸಿ. ಬೀದಿ ನಾಯಿಗಳ ಸಂತಾನಹರಣ ಮತ್ತು ಲಸಿಕೆ ಪಾಲಿಕೆಯ ಕೆಲಸ, ಅದಕ್ಕೆ 2023ರ ನಿಯಮಗಳಿವೆ.

ಉಡುಪಿಯಲ್ಲೂ ಹೀಗೆಯೇನಾ?

ಉಡುಪಿ ನಗರಸಭೆ, ಪಾಲಿಕೆ ಅಲ್ಲ. 35 ವಾರ್ಡು, ಮೇಲೆ ಪೌರಾಯುಕ್ತರು. ಅಲ್ಲಿ ಈ ಕೆಲಸ ಪರಿಸರ ಎಂಜಿನಿಯರ್ ಮತ್ತು ಆರೋಗ್ಯ ನಿರೀಕ್ಷಕರ ಹೆಗಲ ಮೇಲೆ. ಕೃಷ್ಣ ಮಠದ ಪರ್ಯಾಯ ಉತ್ಸವದ ಜನಸಂದಣಿ, ಮಲ್ಪೆ ಬೀಚು, ಮಣಿಪಾಲದ ಹಾಸ್ಟೆಲುಗಳು, ಇಷ್ಟೆಲ್ಲ ಇರುವ ಊರಿಗೆ ಜನಾರೋಗ್ಯ ಓದಿದ ಪೂರ್ಣಾವಧಿ ವೈದ್ಯರೊಬ್ಬರು ನಗರಸಭೆಯಲ್ಲೇ ಇರಬೇಕಿತ್ತು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಬೇರೆ ದೇಶಗಳಲ್ಲಿ ಹೇಗೆ?

ಇಂಗ್ಲೆಂಡಿನ ಲಿವರ್‌ಪೂಲ್ 1847ರಲ್ಲಿ ಡಾ. ವಿಲಿಯಂ ಹೆನ್ರಿ ಡಂಕನ್ ಅವರನ್ನು ನಗರದ ವೈದ್ಯಾಧಿಕಾರಿಯಾಗಿ ನೇಮಿಸಿತು, ಅದು ಕಾಲರಾ ಟೈಫಸ್ಸಿನ ಕಾಲ. ನ್ಯೂಯಾರ್ಕಿನಲ್ಲಿ 1866ರಲ್ಲಿ ಆರೋಗ್ಯ ಮಂಡಳಿ ಬಂತು. ಈಗ ಅಮೆರಿಕದ ದೊಡ್ಡ ನಗರಗಳಲ್ಲಿ ಆರೋಗ್ಯ ನಿರ್ದೇಶಕರ ಕೈಯಲ್ಲಿ ರೋಗದ ಲೆಕ್ಕ, ಹೋಟೆಲ್ ತಪಾಸಣೆ, ಲಸಿಕೆ ಹೆಚ್ಚಾಗಿ ಒಂದೇ ಇಲಾಖೆಯಲ್ಲಿ ಇರುತ್ತವೆ. ನಮ್ಮಲ್ಲಿ ಹೋಟೆಲಿನ ಉದ್ದಿಮೆ ಪರವಾನಗಿ ಪಾಲಿಕೆಯದ್ದು, ಆಹಾರ ಸುರಕ್ಷತೆ ಬೇರೆಯವರದ್ದು, ತುಂಬೆ ಅಣೆಕಟ್ಟಿನಿಂದ ಬರುವ ನೀರು ಎಂಜಿನಿಯರುಗಳದ್ದು. ಇದನ್ನೆಲ್ಲ ಜೋಡಿಸುವುದರಲ್ಲೇ ಅಧಿಕಾರಿಯ ಅರ್ಧ ಶಕ್ತಿ ಹೋಗುತ್ತದೆ. ಹಾಗಂತ ನಮ್ಮ ದೇಶದಲ್ಲಿ ಆಗುವುದೇ ಇಲ್ಲ ಅನ್ನಬೇಡಿ. 1994ರಲ್ಲಿ ಪ್ಲೇಗ್ ಬಂದ ಸೂರತ್, ಮರುವರ್ಷ ಬಂದ ಆಯುಕ್ತ ಎಸ್.ಆರ್. ರಾವ್ ಅವರ ಕಾಲದಲ್ಲಿ ದೇಶದ ಸ್ವಚ್ಛ ನಗರಗಳ ಸಾಲಿಗೆ ಬಂತು. ಅವರು ಅಧಿಕಾರಿಗಳನ್ನು ಬೆಳಗ್ಗೆ ಬೀದಿಗೆ ಇಳಿಸಿದರು.

ನನ್ನ ಮಗಳು ಎಂಬಿಬಿಎಸ್ ಮುಗಿಸ್ತಿದ್ದಾಳೆ. ಈ ಹುದ್ದೆಗೆ ಹೋಗುವುದು ಹೇಗೆ?

ನೇರವಾಗಿ ಈ ಕುರ್ಚಿಗೆ ಅರ್ಜಿ ಹಾಕುವ ದಾರಿ ಸಾಮಾನ್ಯವಾಗಿ ಇಲ್ಲ. ರಾಜ್ಯ ಆರೋಗ್ಯ ಇಲಾಖೆಗೆ ವೈದ್ಯಾಧಿಕಾರಿಯಾಗಿ ಸೇರಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ದುಡಿದು, ಅಲ್ಲಿಂದ ನಿಯೋಜನೆಯ ಮೇಲೆ ಪಾಲಿಕೆಗೆ ಬರುವುದು ರೂಢಿ. ಜೊತೆಗೆ ಕಮ್ಯುನಿಟಿ ಮೆಡಿಸಿನ್‌ನಲ್ಲಿ ಮೂರು ವರ್ಷದ ಎಂಡಿ ಮಾಡಿದರೆ ಗಟ್ಟಿ ಬುನಾದಿ. ಇಲ್ಲಿಯ ಮೆಡಿಕಲ್ ಕಾಲೇಜುಗಳಲ್ಲೇ ಅದು ಇದೆ. ಎಂಬಿಬಿಎಸ್ ಮಾಡದವರು ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಓದಬಹುದು, ಮಣಿಪಾಲದಲ್ಲಿ ಅದಕ್ಕೆಂದೇ ಪ್ರಸನ್ನ ಸ್ಕೂಲ್ ಆಫ್ ಪಬ್ಲಿಕ್ ಹೆಲ್ತ್ ಇದೆ. ಅವರಿಗೆ ರೋಗ ಸರ್ವೇಕ್ಷಣೆ, ಸಂಶೋಧನೆ, ಕಾರ್ಯಕ್ರಮ ನಿರ್ವಹಣೆಯ ಕೆಲಸಗಳು ಸಿಗುತ್ತವೆ. ಆರೋಗ್ಯ ನಿರೀಕ್ಷಕರಾಗಲು ಡಿಪ್ಲೊಮಾ ಬೇರೆ.

ಸಂಬಳ ಸರ್ಕಾರಿ ವೈದ್ಯರ ಸಂಬಳ. ಖಾಸಗಿ ಆಸ್ಪತ್ರೆಯ ತಜ್ಞರ ಗಳಿಕೆಗೆ ಹೋಲಿಸಬೇಡಿ. ಹೆಸರೂ ಕಡಿಮೆ, ಯಾಕೆಂದರೆ ಬಾರದೇ ಹೋದ ರೋಗಕ್ಕೆ ಯಾರೂ ಬಂದು ಕೈಮುಗಿಯುವುದಿಲ್ಲ. ಆದರೂ ನನ್ನ ವಿದ್ಯಾರ್ಥಿಗಳಲ್ಲಿ ಈ ದಾರಿ ಹಿಡಿದವರನ್ನು ಕಂಡರೆ ನನಗೆ ಹೆಮ್ಮೆ.

ಅಧಿಕಾರಿಗಳು ಬದಲಾಗ್ತಾ ಇದ್ದರೆ ಎಂತ ತೊಂದರೆ?

ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ಇದರದ್ದೇ. ಈ ಕೆಲಸ ಒಂದು ಮಳೆಗಾಲದಲ್ಲಿ ಕಲಿಯುವಂಥದ್ದಲ್ಲ. ಮೊದಲ ಮಳೆಗಾಲ ಊರು ಗೊತ್ತಾಗುವುದರಲ್ಲೇ ಮುಗಿಯುತ್ತದೆ. ಯಾವ ತೋಡು ಎಲ್ಲಿ ಕಟ್ಟಿಕೊಳ್ಳುತ್ತದೆ, ಯಾವ ಮೇಸ್ತ್ರಿ ಮಾತು ಕೇಳುತ್ತಾನೆ, ನದಿಯಾಚೆಯ ಬೆಂಗ್ರೆಗೆ ಕಾರ್ಯಕರ್ತರು ದೋಣಿಯಲ್ಲಿ ದಾಟಬೇಕಾ ಅಥವಾ ಸುತ್ತಿ ಬರಬೇಕಾ, ಯಾವ ಲ್ಯಾಬ್ ವರದಿ ಅದೇ ದಿನ ಕಳಿಸುತ್ತದೆ, ಇವು ಯಾವ ಕಡತದಲ್ಲೂ ಇಲ್ಲ. ಎರಡನೇ ವರ್ಷ ಮಾರ್ಚಿನಲ್ಲೇ ತಯಾರಿ ಶುರು ಮಾಡಬಹುದು. ಮೂರನೇ ವರ್ಷ ಫಲ ಕಾಣುತ್ತದೆ. ಅಷ್ಟರೊಳಗೆ ವರ್ಗಾವಣೆ ಆದರೆ, ಅಥವಾ ಬೇರೆ ಹುದ್ದೆಯಲ್ಲಿ ಇರುವವರಿಗೆ ಇದನ್ನು ಪ್ರಭಾರ ಅಂತ ಕೊಟ್ಟರೆ, ಮತ್ತೆ ಮೊದಲಿನಿಂದ. ಕನಿಷ್ಠ ಮೂರು ಮಳೆಗಾಲ ಒಬ್ಬರನ್ನೇ ಇರಲು ಬಿಡಿ, ಬೇರೆ ಹೊರೆ ಹಾಕಬೇಡಿ, ಜೊತೆಗೆ ಲೆಕ್ಕ ನೋಡಲು ಒಬ್ಬ ಎಪಿಡಿಮಿಯಾಲಜಿಸ್ಟ್, ಅಂದರೆ ರೋಗ ಹೇಗೆ ಹರಡುತ್ತದೆ ಅಂತ ಓದಿದ ತಜ್ಞರನ್ನು, ಕೊಡಿ. ಹೊಸ ಫಾಗಿಂಗ್ ಯಂತ್ರಕ್ಕಿಂತ ಮೊದಲು ಇದನ್ನು ನಮ್ಮ ಜನಪ್ರತಿನಿಧಿಗಳಲ್ಲಿ ಕೇಳಬೇಕು.

ದೂರು ಕೊಟ್ಟರೆ ಯಾರೂ ಬರುವುದಿಲ್ಲ, ಎಂತ ಮಾಡುವುದು?

ನೇರ ಮೇಲಿನವರಿಗೆ ಫೋನ್ ಮಾಡುವ ಮೊದಲು ನಿಮ್ಮ ವಾರ್ಡಿನ ಆರೋಗ್ಯ ನಿರೀಕ್ಷಕರ ನಂಬರ್ ಇಟ್ಟುಕೊಳ್ಳಿ. "ನಮ್ಮ ಏರಿಯಾದಲ್ಲಿ ಸೊಳ್ಳೆ ಜಾಸ್ತಿ" ಅಂದರೆ ಅವರು ಹುಡುಕುವುದು ಎಲ್ಲಿ? ಯಾವ ಕಟ್ಟಡ, ಯಾವ ಮಹಡಿ, ಎಷ್ಟು ದಿನದಿಂದ ನೀರು ನಿಂತಿದೆ, ಹತ್ತಿರದ ಯಾವ ಮನೆಯಲ್ಲಿ ಜ್ವರ ಇದೆ ಅಂತ ಫೋಟೋ ಸಹಿತ ಕಳಿಸಿ. ದೂರಿನ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ. ವಾರವಾದರೂ ಆಗದಿದ್ದರೆ ಆ ಸಂಖ್ಯೆ ಹಾಕಿ ಆರೋಗ್ಯಾಧಿಕಾರಿಗೆ ಲಿಖಿತವಾಗಿ ಕೊಡಿ, ಪ್ರತಿ ಆಯುಕ್ತರಿಗೆ. ವಾರ್ಡ್ ಸಮಿತಿ ಸಭೆ ಇದ್ದರೆ ಅಲ್ಲಿಯೂ ಹೇಳಿ, ಅಲ್ಲಿ ಹೇಳಿದ್ದು ನಡಾವಳಿಗೆ ಸೇರುತ್ತದೆ. ಮತ್ತೆ, ತಂಡ ನಿಮ್ಮ ಗೇಟಿಗೆ ಬಂದಾಗ ನಾಯಿ ಕಟ್ಟಿಹಾಕಿ ಟೆರೇಸಿನ ಬೀಗ ತೆಗೆದುಕೊಡಿ. ಬೀಗ ಹಾಕಿದ ಮನೆಗಳ ಮೇಲಿನ ಟ್ಯಾಂಕಿಗಳೇ ಅವರಿಗೆ ನೋಡಲು ಸಿಗದೆ ಉಳಿಯುವುದು.